ಒಂದು ಕೈಯ ಪಿಸ್ತೂಲು ಶೂಟಿಂಗ್‌ನಲ್ಲಿ ನಿಲುವು ಮತ್ತು ಖಾಲಿ ಕೈ

ಒಂದು ಕೈಯ ಪಿಸ್ತೂಲು ಶೂಟಿಂಗ್ ಎಂಬುದು ನಿಂತ ಭಂಗಿಯಲ್ಲಿ, ಯಾವ ಆಸರೆಯೂ ಇಲ್ಲದೆ, ಚಾಚಿದ ಒಂದೇ ಕೈಯಲ್ಲಿ ಪಿಸ್ತೂಲನ್ನು ಹಿಡಿದು ಗುರಿಫಲಕಕ್ಕೆ ಗುಂಡು ಹಾರಿಸುವ ಕ್ರೀಡೆಯಾಗಿದೆ. ಒಲಿಂಪಿಕ್ ಕ್ರೀಡಾಕೂಟದ ಎಲ್ಲ ಪಿಸ್ತೂಲು ಸ್ಪರ್ಧೆಗಳೂ ಈ ವಿಧಾನದಲ್ಲೇ ನಡೆಯುತ್ತವೆ. ಪಾದಗಳಿಂದ ತಲೆಯವರೆಗೆ ದೇಹವನ್ನು ಜೋಡಿಸಿಕೊಳ್ಳುವ ಕ್ರಮವನ್ನು ನಿಲುವು ಎಂದೂ, ಪಿಸ್ತೂಲನ್ನು ಹಿಡಿಯದ ಕೈಯನ್ನು ಖಾಲಿ ಕೈ ಎಂದೂ ಈ ಲೇಖನದಲ್ಲಿ ಕರೆಯಲಾಗಿದೆ. ಖಾಲಿ ಕೈ ಆಯುಧವನ್ನು ಮುಟ್ಟದಿದ್ದರೂ ಅದರ ತೂಕ, ಬಿಗಿತ ಮತ್ತು ಸ್ಥಾನಗಳು ಭುಜಗಳ ರೇಖೆಯನ್ನು ಬದಲಿಸಬಲ್ಲವು. ಭುಜಗಳ ರೇಖೆ ಬದಲಾದರೆ ಗುರಿಯೂ ಬದಲಾಗುತ್ತದೆ. ಆದುದರಿಂದ ಖಾಲಿ ಕೈಯನ್ನು ಎಲ್ಲಿ, ಹೇಗೆ ಇರಿಸಬೇಕು ಎಂಬುದು ನಿಲುವಿನ ಒಂದು ಭಾಗವೇ ಆಗಿದೆ.

ಈ ಲೇಖನದ ವಿವರಣೆಗಳು ಬಲಗೈಯಲ್ಲಿ ಪಿಸ್ತೂಲು ಹಿಡಿಯುವವರಿಗೆ ಸಂಬಂಧಿಸಿದವು. ಎಡಗೈಯವರು ಎಡ-ಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು.

ಹಿನ್ನೆಲೆ

ಪಿಸ್ತೂಲು ಮೂಲತಃ ಒಂದು ಕೈಯ ಆಯುಧ. ಕುದುರೆ ಸವಾರನ ಒಂದು ಕೈಯಲ್ಲಿ ಲಗಾಮು ಇರುತ್ತಿದ್ದುದರಿಂದ ಇನ್ನೊಂದೇ ಕೈಯಲ್ಲಿ ಹಿಡಿದು ಹಾರಿಸಬಹುದಾದ ಚಿಕ್ಕ ಬಂದೂಕು ಅವನಿಗೆ ಬೇಕಾಗಿತ್ತು. ಯೂರೋಪಿನ ದ್ವಂದ್ವಯುದ್ಧಗಳಲ್ಲಿ ಎದುರಾಳಿಗೆ ಪಕ್ಕೆಯನ್ನು ಮಾತ್ರ ತೋರಿಸಿ ನಿಂತು ಒಂದು ಕೈ ಚಾಚುವುದು ರೂಢಿಯಲ್ಲಿತ್ತು. ಪಕ್ಕಕ್ಕೆ ತಿರುಗಿ ನಿಂತರೆ ಎದುರಾಳಿಗೆ ಕಾಣುವ ದೇಹದ ಅಗಲ ಕಡಿಮೆಯಾಗುತ್ತದೆ. ಇಂದಿನ ಪೊಲೀಸ್ ಮತ್ತು ಸೇನಾ ತರಬೇತಿಯಲ್ಲಿ ಎರಡು ಕೈಗಳ ಹಿಡಿತ ಸಾಮಾನ್ಯವಾಗಿದೆ. ಆದರೆ ಗುರಿ ಶೂಟಿಂಗ್ ಹಳೆಯ ಕ್ರಮವನ್ನೇ ಉಳಿಸಿಕೊಂಡಿದೆ. ಪಿಸ್ತೂಲು ಸ್ಪರ್ಧೆಗಳು 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲೇ ಇದ್ದವು. 10 ಮೀಟರ್ ಏರ್ ಪಿಸ್ತೂಲು 1988ರಲ್ಲಿ ಸೇರ್ಪಡೆಯಾಯಿತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟು ಗುರಿಯಿಡುತ್ತಿದ್ದ ಚಿತ್ರ ಜಗತ್ತಿನಾದ್ಯಂತ ಪ್ರಸಾರವಾಯಿತು. ಅನೇಕರು ಅದನ್ನು ನಿರಾಳತೆಯ ಅಥವಾ ಉಡಾಫೆಯ ಭಂಗಿ ಎಂದು ಭಾವಿಸಿದರು. ವಾಸ್ತವವಾಗಿ ಜೇಬಿನಲ್ಲಿ ಕೈ ಇರಿಸುವುದು ಈ ಕ್ರೀಡೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮವಾಗಿದೆ. ಡಿಕೆಚ್ ಮತ್ತು ಶೆವ್ವಾಲ್ ಇಲಾಯ್ದಾ ತರ್ಹಾನ್ ಜೋಡಿ ಬೆಳ್ಳಿ ಗೆದ್ದ ಅದೇ ಮಿಶ್ರ ತಂಡ ಸ್ಪರ್ಧೆಯಲ್ಲಿ ಭಾರತದ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಕಂಚಿನ ಪದಕ ಪಡೆದರು.

ನಿಯಮಗಳು

ಅಂತಾರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮಗಳಂತೆ ಸ್ಪರ್ಧಿಯು ಎರಡೂ ಪಾದಗಳನ್ನು ತನಗೆ ಗೊತ್ತುಪಡಿಸಿದ ಸ್ಥಳದ ಒಳಗೆ ಇರಿಸಿ, ಆಸರೆಯಿಲ್ಲದೆ ನಿಲ್ಲಬೇಕು. ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿದು ಹಾರಿಸಬೇಕು. ಪಿಸ್ತೂಲು ಹಿಡಿದ ಕೈಯ ಮಣಿಕಟ್ಟಿಗೆ ಯಾವುದೇ ಆಧಾರ ಇರಕೂಡದು; ಅದು ನೋಡುವವರಿಗೂ ಸ್ಪಷ್ಟವಾಗಿ ಕಾಣುವಂತಿರಬೇಕು. ಆ ತೋಳಿನಲ್ಲಿ ಕೈಗಡಿಯಾರ, ಕಡಗ, ಮಣಿಕಟ್ಟಿನ ಪಟ್ಟಿ ಮುಂತಾದವುಗಳನ್ನು ಧರಿಸುವಂತಿಲ್ಲ. ಕಾಲಿನ ಗಂಟನ್ನು ಮುಚ್ಚುವ ಎತ್ತರದ ಬೂಟುಗಳಿಗೂ ಪಿಸ್ತೂಲು ಸ್ಪರ್ಧೆಗಳಲ್ಲಿ ಅವಕಾಶವಿಲ್ಲ. ರೈಫಲ್ ಸ್ಪರ್ಧಿಗಳು ತೊಡುವ ದಪ್ಪ ಕೋಟಿನಂತಹ ಉಡುಪೂ ಇಲ್ಲಿಲ್ಲ. ಹೀಗಾಗಿ ಪಿಸ್ತೂಲು ಶೂಟರ್‌ಗೆ ಸ್ಥಿರತೆ ದೊರೆಯುವುದು ಮೂಳೆಗಳ ಜೋಡಣೆ ಮತ್ತು ಸ್ನಾಯುಗಳ ಸಮತೋಲನದಿಂದ ಮಾತ್ರ.

ಖಾಲಿ ಕೈ ಪಿಸ್ತೂಲನ್ನಾಗಲಿ ಅದನ್ನು ಹಿಡಿದ ತೋಳನ್ನಾಗಲಿ ಗುರಿಯಿಡುವಾಗ ಆಧರಿಸುವಂತಿಲ್ಲ. ಅದನ್ನು ಜೇಬಿನಲ್ಲಿ, ಬೆಲ್ಟಿನಲ್ಲಿ ಅಥವಾ ಸೊಂಟದ ಮೇಲೆ ಇರಿಸಲು ಅಡ್ಡಿಯಿಲ್ಲ.

ಕೋನದ ಲೆಕ್ಕ

ನಿಲುವಿಗೆ ಇಷ್ಟು ಮಹತ್ವ ಏಕೆ ಎಂಬುದು ಗುರಿಫಲಕದ ಅಳತೆಗಳಿಂದ ತಿಳಿಯುತ್ತದೆ. 10 ಮೀಟರ್ ಏರ್ ಪಿಸ್ತೂಲು ಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್, ಗುಂಡಿನ ವ್ಯಾಸ 4.5 ಮಿಲಿಮೀಟರ್. ಗುಂಡಿನ ಅಂಚು ವೃತ್ತವನ್ನು ತಾಗಿದರೂ ಅಂಕ ದೊರೆಯುವುದರಿಂದ, ಗುಂಡಿನ ಕೇಂದ್ರವು ಫಲಕದ ಕೇಂದ್ರದಿಂದ 8 ಮಿಲಿಮೀಟರ್ ಒಳಗೆ ಬಿದ್ದರೆ ಹತ್ತು ಅಂಕ. ಅಲ್ಲಿಂದ ಮುಂದೆ ಪ್ರತಿ 8 ಮಿಲಿಮೀಟರಿಗೆ ಒಂದು ಅಂಕ ಕಡಿಮೆಯಾಗುತ್ತದೆ.

ಹತ್ತು ಮೀಟರ್ ದೂರದಲ್ಲಿ 8 ಮಿಲಿಮೀಟರ್ ಎಂದರೆ ಡಿಗ್ರಿಯ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ತುಸು ಕಡಿಮೆ ಕೋನ. ಇಲ್ಲಿ ಎರಡು ಬಗೆಯ ಚಲನೆಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಇಡೀ ದೇಹ ಪಿಸ್ತೂಲಿನೊಡನೆ ಸಮಾನಾಂತರವಾಗಿ 3 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ 3 ಮಿಲಿಮೀಟರ್ ಮಾತ್ರ ಸರಿಯುತ್ತದೆ. ಹತ್ತು ಅಂಕಕ್ಕೆ ಧಕ್ಕೆಯಿಲ್ಲ. ಆದರೆ ನಳಿಗೆಯ ತುದಿಯಲ್ಲಿರುವ ಮುಂದಿನ ಸೈಟ್ ಹಿಂದಿನ ಸೈಟ್‌ನ ಸೀಳಿನಲ್ಲಿ ಕಾಲು ಮಿಲಿಮೀಟರ್ ಓರೆಯಾದರೂ, ಎರಡು ಸೈಟ್‌ಗಳ ನಡುವೆ 320 ಮಿಲಿಮೀಟರ್ ಅಂತರವಿರುವ ಪಿಸ್ತೂಲಿನಲ್ಲಿ ಗುಂಡು ಸುಮಾರು 8 ಮಿಲಿಮೀಟರ್ ದೂರ ಹೋಗುತ್ತದೆ. ಮುಂಡವು ತನ್ನ ಅಕ್ಷದ ಸುತ್ತ ಕಣ್ಣಿಗೆ ಕಾಣದಷ್ಟು ತಿರುಗಿದಾಗಲೂ ಪರಿಣಾಮ ಇದೇ. ತೂಗಾಟವನ್ನು ಯಾರೂ ಸಂಪೂರ್ಣವಾಗಿ ನಿಲ್ಲಿಸಲಾರರು. ತಿರುಚುವಿಕೆಯನ್ನು ಕಡಿಮೆ ಮಾಡುವುದೇ ನಿಲುವಿನ ಮುಖ್ಯ ಉದ್ದೇಶ.

ನಿಲುವಿನ ಅಂಗಗಳು

ಪಾದಗಳು: ಪಾದಗಳ ನಡುವಿನ ಅಂತರ ಸುಮಾರಾಗಿ ಭುಜಗಳ ಅಗಲದಷ್ಟಿರುತ್ತದೆ. ಬಲಪಾದ ಫಲಕದ ಕಡೆಗೆ ಮುಂದಿರುತ್ತದೆ. ಕೆಲವರು ಫಲಕಕ್ಕೆ ಪೂರ್ತಿ ಪಕ್ಕವಾಗಿ ನಿಲ್ಲುತ್ತಾರೆ, ಇನ್ನು ಕೆಲವರು ಎದೆಯನ್ನು ಸ್ವಲ್ಪ ಫಲಕದ ಕಡೆಗೆ ತೆರೆದು ನಿಲ್ಲುತ್ತಾರೆ. ಪೂರ್ತಿ ಪಕ್ಕವಾಗಿ ನಿಂತಾಗ ತೋಳು ಭುಜಗಳ ರೇಖೆಯಲ್ಲೇ ಬರುತ್ತದೆ, ಆದರೆ ಕುತ್ತಿಗೆಯನ್ನು ಹೆಚ್ಚು ಹೊರಳಿಸಬೇಕಾಗುತ್ತದೆ. ತೆರೆದ ನಿಲುವಿನಲ್ಲಿ ಕುತ್ತಿಗೆಗೆ ಆರಾಮ, ಆದರೆ ತೋಳನ್ನು ಹಿಡಿದಿಡಲು ಎದೆಯ ಮತ್ತು ಭುಜದ ಸ್ನಾಯುಗಳು ಹೆಚ್ಚು ದುಡಿಯಬೇಕಾಗುತ್ತದೆ. ಸೂಕ್ತ ಕೋನವು ಅವರವರ ಕುತ್ತಿಗೆ, ಭುಜ ಮತ್ತು ದೃಷ್ಟಿಗೆ ಅನುಗುಣವಾಗಿರುತ್ತದೆ. ಪಾದಗಳು ತೀರಾ ಹತ್ತಿರವಿದ್ದರೆ ದೇಹ ತೂಗುತ್ತದೆ, ತೀರಾ ದೂರವಿದ್ದರೆ ಸೊಂಟ ಮತ್ತು ತೊಡೆಗಳು ಬಿಗಿಯುತ್ತವೆ.

ಕಾಲು ಮತ್ತು ಸೊಂಟ: ಮೊಣಕಾಲುಗಳು ನೇರವಾಗಿರಬೇಕು, ಆದರೆ ಹಿಂದಕ್ಕೆ ಒತ್ತಿ ಬಿಗಿಹಿಡಿದಿರಬಾರದು. ದೇಹದ ಭಾರ ಎರಡೂ ಪಾದಗಳ ಮೇಲೆ, ಹಿಮ್ಮಡಿ ಮತ್ತು ಮುಂಗಾಲುಗಳ ನಡುವೆ ಹಂಚಿಕೆಯಾಗಿರಬೇಕು.

ಮುಂಡ: ಒಂದು ತೋಳಿನ ತೂಕ ದೇಹದ ತೂಕದ ಸುಮಾರು ಶೇಕಡಾ 5ರಷ್ಟಿರುತ್ತದೆ. ಅರುವತ್ತು ಕಿಲೋ ತೂಕದವರು ತೋಳನ್ನು ಚಾಚಿದಾಗ ಸುಮಾರು 3 ಕಿಲೋ ತೂಕದ ತೋಳು ಮತ್ತು ಅದರ ತುದಿಯಲ್ಲಿ ಒಂದು ಕಿಲೋದಷ್ಟು ಪಿಸ್ತೂಲು ದೇಹವನ್ನು ಫಲಕದ ಕಡೆಗೆ ಎಳೆಯುತ್ತವೆ. ಇದನ್ನು ಸರಿದೂಗಿಸಲು ಮುಂಡವು ಫಲಕದಿಂದ ತುಸು ಆಚೆಗೆ ವಾಲುತ್ತದೆ. ಈ ವಾಲುವಿಕೆ ಅಳತೆ ಮೀರಿದರೆ ಕೆಳಬೆನ್ನಿನ ಮೇಲೆ ಒತ್ತಡ ಬೀಳುತ್ತದೆ. ಅರುವತ್ತು ಗುಂಡುಗಳ ಸ್ಪರ್ಧೆಗೆ 75 ನಿಮಿಷಗಳ ಅವಧಿ ಇರುವುದರಿಂದ, ಆರಂಭದಲ್ಲಿ ಗಮನಕ್ಕೆ ಬಾರದ ಬೆನ್ನಿನ ಬಿಗಿತ ಕೊನೆಯ ಸರಣಿಯಲ್ಲಿ ಅಂಕಗಳನ್ನು ಕಳೆಯಬಲ್ಲದು.

ತಲೆ: ತಲೆ ನೆಟ್ಟಗಿದ್ದು ಫಲಕದ ಕಡೆಗೆ ಹೊರಳಿರಬೇಕು. ಪಿಸ್ತೂಲನ್ನು ಕಣ್ಣಿನ ಎತ್ತರಕ್ಕೆ ತರಬೇಕೇ ಹೊರತು ಕಣ್ಣನ್ನು ಪಿಸ್ತೂಲಿನತ್ತ ಬಾಗಿಸಬಾರದು. ತಲೆ ಪಕ್ಕಕ್ಕೆ ವಾಲಿದರೆ ಒಳಕಿವಿಯಿಂದ ಬರುವ ಸಮತೋಲನದ ಸೂಚನೆಗಳೂ ಬದಲಾಗುತ್ತವೆ.

ಸಹಜ ಗುರಿದಿಕ್ಕು

ಸ್ನಾಯುಬಲದಿಂದ ಎಳೆಯದೆ ತೋಳನ್ನು ಮೇಲೆತ್ತಿದಾಗ ಪಿಸ್ತೂಲು ತಾನಾಗಿ ಯಾವ ಕಡೆ ನಿಲ್ಲುತ್ತದೆಯೋ ಅದು ಆ ನಿಲುವಿನ ಸಹಜ ಗುರಿದಿಕ್ಕು. ಅದನ್ನು ತಿಳಿಯುವ ಕ್ರಮ ಸರಳವಾದುದು. ಶೂಟರ್ ನಿಲುವನ್ನು ಸಿದ್ಧಪಡಿಸಿಕೊಂಡು, ಖಾಲಿ ಕೈಯನ್ನು ಅದರ ಸ್ಥಾನದಲ್ಲಿರಿಸಿ, ಕಣ್ಣು ಮುಚ್ಚಿ ಪಿಸ್ತೂಲನ್ನು ಮೇಲೆತ್ತುತ್ತಾರೆ. ಎರಡು ಉಸಿರುಗಳ ಕಾಲ ಹಾಗೆಯೇ ನಿಂತು ಕಣ್ಣು ತೆರೆಯುತ್ತಾರೆ. ಪಿಸ್ತೂಲು ಫಲಕದ ಕೇಂದ್ರದ ನೇರಕ್ಕಿದ್ದರೆ ನಿಲುವು ಸರಿಯಾಗಿದೆ.

ಪಿಸ್ತೂಲು ಎಡಕ್ಕೆ ಅಥವಾ ಬಲಕ್ಕೆ ನಿಂತಿದ್ದರೆ ತೋಳನ್ನು ಎಳೆದು ಸರಿಪಡಿಸಬಾರದು. ಹಾಗೆ ಎಳೆದ ತೋಳು ಟ್ರಿಗರ್ ಒತ್ತುವ ಗಳಿಗೆಯಲ್ಲಿ ತನ್ನ ಸಹಜ ದಿಕ್ಕಿಗೆ ಮರಳಲು ಯತ್ನಿಸುತ್ತದೆ. ತಿದ್ದಬೇಕಾದುದು ಹಿಂದಿನ ಪಾದವನ್ನು. ಬಲಪಾದದ ಮುಂಗಾಲನ್ನು ಕೀಲಿನಂತೆ ಉಳಿಸಿಕೊಂಡು, ಪಿಸ್ತೂಲು ಎಡಕ್ಕಿದ್ದರೆ ಎಡಪಾದವನ್ನು ಎದೆಯ ಕಡೆಗೆ, ಬಲಕ್ಕಿದ್ದರೆ ಬೆನ್ನಿನ ಕಡೆಗೆ ತುಸು ಸರಿಸಬೇಕು. ಅನಂತರ ಮತ್ತೆ ಕಣ್ಣು ಮುಚ್ಚಿ ಪರೀಕ್ಷಿಸಬೇಕು. ಗುರಿಯ ದಿಕ್ಕನ್ನು ಗೊತ್ತುಮಾಡುವುದು ಪಾದಗಳು. ತೋಳು ಆ ದಿಕ್ಕಿನಲ್ಲಿ ಪಿಸ್ತೂಲನ್ನು ಎತ್ತಿಹಿಡಿಯುತ್ತದೆ ಅಷ್ಟೆ.

ಖಾಲಿ ಕೈಯ ಸ್ಥಾನ

ಜೋತುಬಿಟ್ಟ ಕೈ ಲೋಲಕದಂತೆ ವರ್ತಿಸುತ್ತದೆ. ಉಸಿರಾಟ ಮತ್ತು ದೇಹದ ತೂಗಾಟಗಳಿಂದ ಅದು ಅಲುಗುತ್ತಿರುತ್ತದೆ. ಆ ಅಲುಗಾಟ ಭುಜದ ಮೂಲಕ ಮುಂಡವನ್ನು ತಲುಪುತ್ತದೆ. ಎರಡನೆಯದಾಗಿ, ಒಂದು ಕೈ ಸೂಕ್ಷ್ಮ ಕೆಲಸದಲ್ಲಿ ತೊಡಗಿದಾಗ ಇನ್ನೊಂದು ಕೈ ಅರಿವಿಲ್ಲದೆ ಬಿಗಿಯುವುದು ಮನುಷ್ಯರಲ್ಲಿ ಸಾಮಾನ್ಯ. ಪಿಸ್ತೂಲಿನ ಹಿಡಿತ ಬಿಗಿಯಾದಂತೆ ಖಾಲಿ ಕೈಯ ಮುಷ್ಟಿಯೂ ಬಿಗಿಯಬಹುದು. ಈ ಬಿಗಿತ ಕುತ್ತಿಗೆ ಮತ್ತು ಭುಜಗಳಿಗೆ ಹರಡಿದಾಗ ಟ್ರಿಗರ್ ಬೆರಳಿನ ಸ್ವತಂತ್ರ ಚಲನೆ ಕುಗ್ಗುತ್ತದೆ. ಈ ಎರಡು ಕಾರಣಗಳಿಂದ ಖಾಲಿ ಕೈಯನ್ನು ಎಲ್ಲಿಯಾದರೂ ನೆಲೆಗೊಳಿಸಲಾಗುತ್ತದೆ. ಬಳಕೆಯಲ್ಲಿರುವ ಸ್ಥಾನಗಳು ಇವು:

- ಪ್ಯಾಂಟಿನ ಮುಂದಿನ ಅಥವಾ ಪಕ್ಕದ ಜೇಬು (ಉತ್ತರ ಕರ್ನಾಟಕದ ಮಾತಿನಲ್ಲಿ ಕಿಸೆ): ಕೈಯ ತೂಕವನ್ನು ಬಟ್ಟೆ ಹೊರುತ್ತದೆ, ಬೆರಳುಗಳು ಸಡಿಲವಾಗಿರುತ್ತವೆ. ಜೇಬು ತೀರಾ ಆಳವಾಗಿದ್ದರೆ ಭುಜ ಕೆಳಕ್ಕೆ ಜಗ್ಗಬಹುದು.
- ಬೆಲ್ಟಿಗೆ ಅಥವಾ ಸೊಂಟಪಟ್ಟಿಗೆ ಸಿಕ್ಕಿಸಿದ ಹೆಬ್ಬೆರಳು: ಸ್ಥಾನವನ್ನು ಪ್ರತಿ ಬಾರಿ ನಿಖರವಾಗಿ ಗುರುತಿಸಲು ಅನುಕೂಲ. ಬೆಲ್ಟನ್ನು ಕೆಳಕ್ಕೆ ಎಳೆಯುವ ಅಭ್ಯಾಸ ಬೆಳೆಯದಂತೆ ಎಚ್ಚರ ಬೇಕು.
- ಸೊಂಟದ ಮೇಲೆ ಊರಿದ ಕೈ: ಮೊಣಕೈ ಹೊರಕ್ಕೆ ಚಾಚುವುದರಿಂದ ಪಿಸ್ತೂಲಿನ ಭಾರಕ್ಕೆ ಅಲ್ಪ ಪ್ರತಿಭಾರ ದೊರೆಯುತ್ತದೆ, ಆದರೆ ಭುಜ ಮೇಲಕ್ಕೇರಿ ಬಿಗಿಯುವ ಸಾಧ್ಯತೆ ಇದೆ.
- ಹಿಂದಿನ ಜೇಬು ಅಥವಾ ಬೆನ್ನ ಹಿಂದೆ: ಎಡಭುಜ ಹಿಂದಕ್ಕೆ ಸರಿದು ಎದೆ ತೆರೆಯುತ್ತದೆ. ಭುಜದ ಕೀಲು ಬಿಗಿಯಾಗಿರುವವರಿಗೆ ಇದು ಬೇಗ ಆಯಾಸ ತರುತ್ತದೆ.

ಇವುಗಳಲ್ಲಿ ಎಲ್ಲರಿಗೂ ಶ್ರೇಷ್ಠವಾದ ಸ್ಥಾನ ಎಂಬುದಿಲ್ಲ. ಆದರೆ ಆಯ್ದುಕೊಂಡ ಸ್ಥಾನ ಪ್ರತಿ ಗುಂಡಿಗೂ ಒಂದೇ ಆಗಿರುವುದು ಅತ್ಯಗತ್ಯ. ಎಡಗೈ ಹಿಂದಕ್ಕೆ ಹೋದಾಗ ಎಡಭುಜವೂ ಹಿಂದಕ್ಕೆ ಸರಿಯುತ್ತದೆ. ಮುಂಡ ಅದರೊಡನೆ ತಿರುಗಿದರೆ ಚಾಚಿದ ಬಲತೋಳು ಎಡಕ್ಕೆ ಸಾಗುತ್ತದೆ. ಎಡಗೈ ಮುಂದಕ್ಕೆ ಬಂದಾಗ ಪರಿಣಾಮ ಇದಕ್ಕೆ ವಿರುದ್ಧ. ಒಂದು ಗುಂಡಿಗೆ ಕೈ ಜೇಬಿನಲ್ಲಿ ಮಣಿಕಟ್ಟಿನವರೆಗೆ ಇಳಿದು, ಮುಂದಿನ ಗುಂಡಿಗೆ ಬೆರಳುಗಳಷ್ಟೇ ಇಳಿದರೆ, ಶೂಟರ್ ತಿಳಿಯದೆಯೇ ಎರಡು ಬೇರೆ ನಿಲುವುಗಳಲ್ಲಿ ಗುರಿಯಿಟ್ಟಂತಾಗುತ್ತದೆ. ಆದುದರಿಂದ ಸಹಜ ಗುರಿದಿಕ್ಕಿನ ಪರೀಕ್ಷೆಯನ್ನು ಖಾಲಿ ಕೈ ತನ್ನ ಸ್ಥಾನ ಸೇರಿದ ಮೇಲೆಯೇ ಮಾಡಬೇಕು. ಕೈಯ ಸ್ಥಾನವನ್ನು ಬದಲಿಸಿದರೆ ಪರೀಕ್ಷೆಯನ್ನು ಮೊದಲಿನಿಂದ ನಡೆಸಬೇಕು. ಸ್ಪರ್ಧೆಯ ದಿನ ಜೇಬಿನ ಆಳ ಬೇರೆಯಾಗಿರುವ ಹೊಸ ಪ್ಯಾಂಟನ್ನು ತೊಡದಿರುವುದು ಒಳ್ಳೆಯದು.

ಏರ್ ಪಿಸ್ತೂಲಿನಲ್ಲಿ ಪ್ರತಿ ಗುಂಡನ್ನೂ ಕೈಯಿಂದಲೇ ತುಂಬಬೇಕಾಗುತ್ತದೆ. ಸನ್ನೆಯನ್ನು ಎತ್ತಿ, ಗುಂಡನ್ನು ಒಳಗಿರಿಸಿ, ಮುಚ್ಚುವ ಕೆಲಸ ಖಾಲಿ ಕೈಯದು. ಅರುವತ್ತು ಗುಂಡುಗಳ ಸ್ಪರ್ಧೆಯಲ್ಲಿ ಅದು ಕನಿಷ್ಠ ಅರುವತ್ತು ಬಾರಿ ತನ್ನ ಸ್ಥಾನವನ್ನು ಬಿಟ್ಟು ಮರಳುತ್ತದೆ. ಗುಂಡು ತುಂಬುವುದು, ಖಾಲಿ ಕೈಯನ್ನು ಸ್ಥಾನಕ್ಕೆ ಸೇರಿಸುವುದು, ಉಸಿರು ಬಿಡುತ್ತ ಆ ಭುಜವನ್ನು ಸಡಿಲಿಸುವುದು, ಅನಂತರವಷ್ಟೇ ಪಿಸ್ತೂಲನ್ನು ಎತ್ತುವುದು: ಈ ಅನುಕ್ರಮ ತಪ್ಪದಿದ್ದರೆ ಖಾಲಿ ಕೈಯ ಮರಳುವಿಕೆಯೇ ಪ್ರತಿ ಗುಂಡಿನ ಸಿದ್ಧತೆಯ ಗುರುತಾಗುತ್ತದೆ.

ಸಾಮಾನ್ಯ ದೋಷಗಳು

ಗುಂಡುಗಳು ಫಲಕದಲ್ಲಿ ಅಡ್ಡಲಾಗಿ ಹರಡಿದ್ದರೆ ಮೊದಲು ಪಾದಗಳ ಕೋನವನ್ನೂ ಖಾಲಿ ಕೈಯ ಸ್ಥಾನವನ್ನೂ ಪರಿಶೀಲಿಸುವುದು ವಾಡಿಕೆ. ಮೇಲೆ ಕೆಳಗೆ ಹರಡಿದ್ದರೆ ಉಸಿರಾಟ, ಮಣಿಕಟ್ಟಿನ ಬಿಗಿತ ಅಥವಾ ಭುಜದ ಆಯಾಸ ಕಾರಣವಾಗಿರಬಹುದು. ಆದರೆ ಟ್ರಿಗರನ್ನು ಓರೆಯಾಗಿ ಎಳೆಯುವುದರಿಂದಲೂ ಗುಂಡುಗಳು ಪಕ್ಕಕ್ಕೆ ಹೋಗುತ್ತವೆ. ಆದುದರಿಂದ ಫಲಕವನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರದೆ, ಕಣ್ಣು ಮುಚ್ಚಿ ಮಾಡುವ ಪರೀಕ್ಷೆಯಿಂದ ನಿಲುವಿನ ದೋಷವನ್ನು ಬೇರ್ಪಡಿಸಿಕೊಳ್ಳಬೇಕು. ಸರಣಿಯ ನಡುವೆ ಪಾದಗಳು ಸರಿದುಹೋಗುವುದು ಇನ್ನೊಂದು ಸಾಮಾನ್ಯ ದೋಷ. ಅಭ್ಯಾಸದ ವೇಳೆ ನೆಲದ ಮೇಲೆ ಪಾದಗಳ ಗುರುತು ಹಾಕಿಕೊಂಡರೆ ಇದು ಬೇಗ ಬೆಳಕಿಗೆ ಬರುತ್ತದೆ.

ಒಂದೇ ಕೈಯ ಬಲದ ಮೇಲೆ

ಗುರಿಯಿಡಲು ಒಂದೇ ಕೈ ಸಾಕಾಗುವುದರಿಂದ, ಇನ್ನೊಂದು ಕೈಯ ಊನವು ಈ ಕ್ರೀಡೆಯ ಬಾಗಿಲನ್ನು ಮುಚ್ಚುವುದಿಲ್ಲ. ಹಂಗೆರಿಯ ಸೈನಿಕ ಕರೋಯ್ ಟಕಾಚ್ ಅವರ ಬಲಗೈ 1938ರಲ್ಲಿ ಗ್ರೆನೇಡ್ ಸ್ಫೋಟದಿಂದ ತೀವ್ರವಾಗಿ ಗಾಯಗೊಂಡಿತು. ಅವರು ಎಡಗೈಯಲ್ಲಿ ಶೂಟಿಂಗ್ ಕಲಿತು 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ 25 ಮೀಟರ್ ರಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆಯ ಚಿನ್ನ ಗೆದ್ದರು. ಬಲತೋಳಿನ ಊನವಿರುವ ಭಾರತದ ಮನೀಶ್ ನರ್ವಾಲ್, 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲು ಚಿನ್ನವನ್ನು ಎಡಗೈಯಿಂದ ಗುರಿಯಿಟ್ಟು ಪಡೆದರು. ಇಂತಹ ಶೂಟರ್‌ಗಳ ಮುಂಡದ ಭಾರಹಂಚಿಕೆ ಬೇರೆಯಾಗಿರುವುದರಿಂದ ಪಾದಗಳ ಅಂತರ ಮತ್ತು ವಾಲುವಿಕೆಗಳನ್ನು ಅವರಿಗೆ ತಕ್ಕಂತೆ ಗೊತ್ತುಪಡಿಸಿಕೊಳ್ಳಬೇಕಾಗುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚನ್ನೂ, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ ಗೆದ್ದರು. 2016ರ ರಿಯೊ ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲಿನಲ್ಲಿ ಭಾರತವನ್ನು ಪ್ರತಿನಿಧಿಸಿದರು. ಕರ್ನಾಟಕದವರೇ ಆದ ದಿವ್ಯಾ ಟಿ. ಎಸ್. 2023ರಲ್ಲಿ ಸರಬ್ಜೋತ್ ಸಿಂಗ್ ಅವರೊಡನೆ ಬಾಕು ವಿಶ್ವಕಪ್‌ನ ಮಿಶ್ರ ತಂಡ ಚಿನ್ನವನ್ನೂ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮಿಶ್ರ ತಂಡ ಬೆಳ್ಳಿಯನ್ನೂ ಗೆದ್ದರು.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಆಯುಧಗಳ ಕಾನೂನಿಗೆ ಒಂದು ಕಹಿ ಚರಿತ್ರೆಯಿದೆ. ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರಲ್ಲಿ ಧಿಕ್ಕರಿಸಿದರು. ಬ್ರಿಟಿಷ್ ಪಡೆ ಊರಿನ ಮೇಲೆ ದಾಳಿ ಮಾಡಿತು. ಸೆರೆಸಿಕ್ಕ ಅನೇಕರನ್ನು ಗಲ್ಲಿಗೇರಿಸಲಾಯಿತು. ಅವರ ಹೋರಾಟ ಲಾವಣಿಗಳಲ್ಲಿ ಇಂದಿಗೂ ಉಳಿದಿದೆ. ಸ್ವತಂತ್ರ ಭಾರತದಲ್ಲಿ ಈ ವಿಷಯ 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳಿಗೆ ಒಳಪಟ್ಟಿದೆ. ಸಿಡಿಮದ್ದಿನಿಂದ ಕೆಲಸ ಮಾಡುವ .22 ಪಿಸ್ತೂಲಿಗೆ ಪರವಾನಗಿ ಕಡ್ಡಾಯ. ಆದರೆ ನಳಿಗೆಯ ವ್ಯಾಸ .177 ಇಂಚನ್ನೂ ಗುಂಡಿನ ಶಕ್ತಿ 20 ಜೂಲ್‌ಗಳನ್ನೂ ಮೀರದ ಗಾಳಿ ಆಯುಧಗಳಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ 10 ಮೀಟರ್ ಏರ್ ಪಿಸ್ತೂಲು ಈ ಮಿತಿಗಿಂತ ಬಹಳ ಕೆಳಗಿದೆ. ಸಣ್ಣ ಪಟ್ಟಣದ ಹೊಸ ಕಲಿಕೆಯವರಿಗೆ ಈ ಕ್ರೀಡೆಯ ಪ್ರವೇಶದ್ವಾರ ಇದೇ ಆಗಿದೆ.

ಗುಂಡಿಲ್ಲದ ಅಭ್ಯಾಸ ಮತ್ತು ಸುರಕ್ಷತೆ

ನಿಲುವನ್ನೂ ಖಾಲಿ ಕೈಯ ಸ್ಥಾನವನ್ನೂ ರೂಢಿಸಿಕೊಳ್ಳಲು ಗುಂಡಾಗಲಿ ಶೂಟಿಂಗ್ ರೇಂಜ್ ಆಗಲಿ ಬೇಕಾಗುವುದಿಲ್ಲ. ಖಾಲಿ ಪಿಸ್ತೂಲನ್ನು ಬಿಳಿ ಗೋಡೆಯ ಕಡೆಗೆ ಎತ್ತಿ, ಎರಡು ಸೈಟ್‌ಗಳ ಜೋಡಣೆಯನ್ನು ಮಾತ್ರ ಗಮನಿಸುತ್ತ ಟ್ರಿಗರ್ ಒತ್ತುವುದು ಉನ್ನತ ಮಟ್ಟದ ಶೂಟರ್‌ಗಳೂ ಅನುಸರಿಸುವ ಅಭ್ಯಾಸ. ಗುರಿಫಲಕವಿಲ್ಲದ ಗೋಡೆಯ ಮುಂದೆ ಮನಸ್ಸು ಅಂಕದ ಕಡೆಗೆ ಹೋಗದಿರುವುದರಿಂದ ಭುಜದ ಬಿಗಿತ, ಖಾಲಿ ಕೈಯ ಸೆಳೆತ, ಪಾದಗಳ ಭಾರ ಇವು ಸುಲಭವಾಗಿ ಅರಿವಿಗೆ ಬರುತ್ತವೆ. ಗುರಿಫಲಕದ ಕೇಂದ್ರವು ನೆಲದಿಂದ 1.4 ಮೀಟರ್ ಎತ್ತರದಲ್ಲಿರುತ್ತದೆ; ಗೋಡೆಯ ಮೇಲೆ ಆ ಎತ್ತರವನ್ನು ಗುರುತಿಸಿಕೊಳ್ಳಬಹುದು.

ಮನೆಯ ಅಭ್ಯಾಸದಲ್ಲೂ ಸುರಕ್ಷತೆಯ ನಿಯಮಗಳು ಬದಲಾಗುವುದಿಲ್ಲ. ಪ್ರತಿ ಬಾರಿ ಪಿಸ್ತೂಲನ್ನು ಕೈಗೆತ್ತಿಕೊಂಡಾಗಲೂ ಅದು ಖಾಲಿಯಿದೆಯೇ ಎಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು. ಗುಂಡುಗಳನ್ನು ಅದೇ ಕೋಣೆಯಲ್ಲಿ ಇಡಬಾರದು. ನಳಿಗೆ ಯಾವಾಗಲೂ ಜನರಿಲ್ಲದ ದಿಕ್ಕಿನಲ್ಲೇ ಇರಬೇಕು. ಗೋಡೆಯ ಆಚೆ ಯಾರಿದ್ದಾರೆ ಎಂಬುದೂ ತಿಳಿದಿರಬೇಕು. ಗುರಿಯಿಡುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಬೇಕು. ಏರ್ ಪಿಸ್ತೂಲಿನ ಗುಂಡಿನಿಂದಲೂ ಕಣ್ಣು ಹೋಗಬಹುದಾದುದರಿಂದ, ಮಕ್ಕಳು ಹಿರಿಯರ ಕಣ್ಗಾವಲಿನಲ್ಲಿ ಮಾತ್ರ ಅಭ್ಯಾಸ ಮಾಡಬೇಕು. ಅಭ್ಯಾಸ ಮುಗಿದ ಬಳಿಕ ಪಿಸ್ತೂಲನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಿಸಬೇಕು.